ಕೊನೆಗುಳಿದ ನಿಧಾನದ ಪ್ಲೇಟು

ಮೂರ್ತಪ್ಪನ ಮನೆ ಬಾಗಿಲಿಗೆ ಜನ ಬರುತ್ತಿದ್ದುದು ಸಾವಿನ ಸುದ್ದಿ ಹೊತ್ತುಕೊಂಡು. ಚಿತ್ರದುರ್ಗದ ದೊಡ್ಡಪೇಟೆಯ ಹಿಂದಿನ ಓಣಿಯಲ್ಲಿ ಅವನ ಮನೆ. ಬೆಳಗಾಗುತ್ತಲೇ ಯಾರಾದರೂ ಬಂದು, ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತು, "ಮೂರ್ತಪ್ಪಾರು ಅವ್ರೇನ್ರಿ?" ಎಂದರೆ ಸಾಕು. ಅವನ ಹೆಂಡತಿ ಕೊಟ್ರಮ್ಮ ಮುಂದಿನದು ಕೇಳುತ್ತಿರಲಿಲ್ಲ. ಒಲೆ ಮೇಲಿದ್ದುದನ್ನು ಇಳಿಸಿ, ಅಟ್ಟದಿಂದ ಕ್ಯಾಮೆರಾದ ಪೆಟ್ಟಿಗೆ ತೆಗೆಯುತ್ತಿದ್ದಳು.

ಅವರ ಜನದಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ತಲೆ ವಾಲದಂತೆ ಬಟ್ಟೆಯಿಂದ ಗೂಟಕ್ಕೆ ಕಟ್ಟುತ್ತಾರೆ. ಹೂವು ಹಾಕಿದ ಮೇಲೆ ಆ ಬಟ್ಟೆ ಕಾಣುವುದಿಲ್ಲ. ಆಮೇಲೆ ಮನೆಯವರೆಲ್ಲ ಅಕ್ಕಪಕ್ಕ ನಿಂತು ಒಂದು ಫೋಟೋ. ಹುಟ್ಟಿದಾಗಿನಿಂದ ತಮ್ಮದೇ ಅಂತ ಒಂದೂ ಫೋಟೋ ತೆಗೆಸಿಕೊಳ್ಳದವರು ಸತ್ತ ದಿನ ತೆಗೆಸಿಕೊಳ್ಳುತ್ತಿದ್ದರು. ಬದುಕಿದ್ದಾಗ ಒಬ್ಬರೇ ಕೂತು ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಭಯ. ಸತ್ತ ಮೇಲೆ ಯಾವ ಭಯ?

ಮೂರ್ತಪ್ಪ ಹೊಳಲ್ಕೆರೆ ಸೀಮೆಯವನು. ಹಿರಿಯೂರಿನ ಹತ್ತಿರ ಮಾರಿಕಣಿವೆ ಕಟ್ಟೆ ಕಟ್ಟುವಾಗ ಕಲ್ಲು ಹೊರಲು ಹೋದ. ಅಲ್ಲಿ ಒಬ್ಬ ಇಂಜಿನಿಯರು ಕಟ್ಟೆ ಎಷ್ಟು ಎದ್ದಿದೆ ಅಂತ ಆಗಾಗ ಫೋಟೋ ತೆಗೆಯುತ್ತಿದ್ದರು. ಗುಡ್ಡದ ಮೇಲಕ್ಕೆ ಕ್ಯಾಮೆರಾ ಹೊರಲು ಒಬ್ಬ ಗಟ್ಟಿ ಆಳು ಬೇಕಿತ್ತು. ಮೂರ್ತಪ್ಪ ಹೊತ್ತ. ಹೊರುತ್ತ ಹೊರುತ್ತ ನೋಡಿದ. ನೋಡಿ ಕಲಿತ. ಕಟ್ಟೆ ಕೆಲಸ ಮುಗಿದು ಇಂಜಿನಿಯರು ಊರಿಗೆ ಹೊರಟಾಗ, ಮೂಲೆ ಸವೆದಿದ್ದ ಹಳೇ ಕ್ಯಾಮೆರಾನ ಇವನಿಗೇ ಬಿಟ್ಟುಹೋದರು. ಅದೇ ವರ್ಷ ಅವನಿಗೂ ಕೊಟ್ರಮ್ಮನಿಗೂ ಮದುವೆಯಾಯಿತು. ಅವಳಿಗೆ ಹದಿನಾರು.

ಮಕ್ಕಳಾಗಲಿಲ್ಲ. ಹಾಗಾಗಿ ಅವಳೂ ಗಾಡಿ ಹತ್ತಿ ಅವನ ಜೊತೆಗೆ ಹೋಗುತ್ತಿದ್ದಳು. ಪ್ಲೇಟು ತುಂಬುವುದು, ತೊಳೆಯುವುದು ಅವಳ ಕೆಲಸವಾಯಿತು. ಅವಳು ಕಲಿತದ್ದು ಎರಡನೇ ಕ್ಲಾಸು. ಪ್ಲೇಟು ತೊಳೆಯಲು ಅಷ್ಟೂ ಬೇಕಿಲ್ಲ.

ಪ್ಲೇಟು ಅಂದರೆ ಗಾಜು. ಅದರ ಒಂದು ಮೈಗೆ ಬೆಳಕು ಹಿಡಿಯುವ ಔಷಧಿ ಬಳಿದಿರುತ್ತದೆ. ಬೆಂಗಳೂರಿನಿಂದ ರೈಲಿನಲ್ಲಿ ಹೊಳಲ್ಕೆರೆ ಸ್ಟೇಷನ್ನಿಗೆ ಬರುತ್ತಿತ್ತು. ಅದರಲ್ಲಿ ಎರಡು ಥರ. ಒಂದು ಬೇಗ ಬೆಳಕು ಹಿಡಿಯುತ್ತದೆ, ಇನ್ನೊಂದು ನಿಧಾನಕ್ಕೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕೊಟ್ರಮ್ಮ ಅದನ್ನು ಓದಲಾರಳು. ಅವಸರದ ಡಬ್ಬಿಗೆ ಕೆಂಪು ದಾರ, ನಿಧಾನದ ಡಬ್ಬಿಗೆ ಬಿಳಿ ದಾರ ಕಟ್ಟಿಡುತ್ತಿದ್ದಳು. ಮುಟ್ಟಿ ನೋಡಿದರೂ ತಿಳಿಯಲಿ ಅಂತ ಕೆಂಪಿಗೆ ಎರಡು ಗಂಟು.

ಅವಸರದ್ದು ಹಾಕಿದರೆ ಕ್ಯಾಮೆರಾದ ಮುಚ್ಚಳ ತೆಗೆದು ಮೂರು ಎಣಿಸುವಷ್ಟರಲ್ಲಿ ಮುಚ್ಚಬೇಕು. ನಿಧಾನದ್ದಕ್ಕೆ ಜಗಲಿಯ ಬೆಳಕಲ್ಲಿ ಹನ್ನೆರಡು. ಇಂಜಿನಿಯರ ಹತ್ತಿರ ಗಡಿಯಾರ ಇತ್ತು. ಮೂರ್ತಪ್ಪನ ಹತ್ತಿರ ಇರಲಿಲ್ಲ. ಅವನು ನಮಃ ಶಿವಾಯ ಅಂತ ಎಣಿಸುತ್ತಿದ್ದ. ಒಂದು ನಮಃ ಶಿವಾಯ ಅಂದರೆ ಒಂದು ಎಣಿಕೆ. ಸಾವಿನ ಮನೆಯಲ್ಲಿ ಅವನ ತುಟಿ ಅಲ್ಲಾಡುವುದನ್ನು ನೋಡಿ, ಎಂಥ ಭಕ್ತ ಅಂತ ಜನ ಅಂದುಕೊಳ್ಳುತ್ತಿದ್ದರು.

ಅವಸರದ ಪ್ಲೇಟಿನಲ್ಲಿ ಮುಖ ಸ್ವಲ್ಪ ರವೆ ರವೆಯಾಗಿ ಬರುತ್ತದೆ. ನಿಧಾನದ್ದರಲ್ಲಿ ಹಾಲಿನ ಕೆನೆಯಂತೆ ನುಣ್ಣಗೆ. ಹುಬ್ಬಿನ ಕೂದಲು ಒಂದೊಂದೂ ಕಾಣುತ್ತದೆ. ಆದರೆ ಎದುರಿಗೆ ಕೂತವರು ಹನ್ನೆರಡು ಎಣಿಸುವ ತನಕ ಕದಲಬಾರದು. ಬದುಕಿರುವವರಿಗೆ ಅದು ಕಷ್ಟ. ಸತ್ತವರಿಗೆ ಕಷ್ಟವಿಲ್ಲ. ಹಾಗಾಗಿ ಬಿಳಿ ದಾರದ್ದು ಸತ್ತವರಿಗೆ, ಕೆಂಪು ದಾರದ್ದು ಬದುಕಿದ್ದವರಿಗೆ ಅಂತ ತಾನಾಗೇ ಆಯಿತು. ಬಿಳಿದೇ ಹೆಚ್ಚು ಖರ್ಚಾಗುತ್ತಿತ್ತು.

ಗಾಡಿ ಹೊಡೆಯುವ ಬೋರಪ್ಪ ಬಾಯಿಬಡುಕ. ದಾರಿಯುದ್ದಕ್ಕೂ ಮಾತು.

"ಸತ್ತೋರೇ ಒಳ್ಳೆ ಗಿರಾಕಿ ಯಜಮಾನ್ರೇ. ಅಲ್ಲಾಡಲ್ಲ, ಕೆರೆಯಲ್ಲ. ಮೂಗು ಸೊಟ್ಟ ಬಂತು ಅಂತ ಜಗಳಕ್ಕೂ ಬರಲ್ಲ."

"ಸುಮ್ನೆ ಹೊಡಿಯೋ ಗಾಡಿ," ಅನ್ನುವನು ಮೂರ್ತಪ್ಪ. ಸ್ವಲ್ಪ ದೂರ ಹೋದ ಮೇಲೆ ತಾನೇ ಬಾಯಿ ಬಿಡುವನು. "ಬದುಕಿದ್ದಾಗ ಕರೀರಪ್ಪ ಅಂತ ಊರೂರಿಗೆ ಹೇಳ್ದೆ. ಒಬ್ರೂ ಕರಿಯಲ್ಲ. ಒಂದ್ಸಲನಾದ್ರೂ ನಗೋ ಮುಖ ತೆಗೀಬೇಕು ಕಣೋ."

"ನಂದು ತೆಗಿರಿ."

"ನಿನ್ನ ಬಾಯಿ ಮುಚ್ಚಿಸೋ ಪ್ಲೇಟು ಇನ್ನೂ ಬಂದಿಲ್ಲ."

ಮೊದಲನೇ ಮಹಾಯುದ್ಧ ಶುರುವಾದ ಮಾರನೇ ವರ್ಷ, ಹೊಸದುರ್ಗದ ಕಡೆ ಮಾಡದಕೆರೆಯಿಂದ ಒಂದು ಕರೆ ಬಂತು. ಸಾವಿನ ಕರೆ ಅಲ್ಲ. ಹೊನ್ನಕ್ಕ ಅಂತ ಒಬ್ಬಾಕೆ. ಮೂರು ವರ್ಷದ ಮಗಳು. ಮಗಳದೊಂದು ಫೋಟೋ ಬೇಕು, ಈಗಲೇ, ಹೀಗೇ ಓಡಾಡುವಾಗಲೇ ಅಂತ ಹಟ ಹಿಡಿದಿದ್ದಳು. ಅತ್ತೆ ಬೇಡವೆಂದಳು, ಕೇರಿಯವರು ಬೇಡವೆಂದರು. ಕೇಳಲಿಲ್ಲ. ಮೂರ್ತಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದ.

ಅವತ್ತು ಗಾಡಿಯ ಕುಲುಕಾಟಕ್ಕೆ ಎರಡೂ ಡಬ್ಬಿಯ ದಾರ ಬಿಚ್ಚಿಹೋಗಿದ್ದವು. ಹೊನ್ನಕ್ಕನ ಮನೆಯ ಕಾಳಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಪ್ಲೇಟು ತುಂಬುವಾಗ ಕೊಟ್ರಮ್ಮನಿಗೆ ಅದು ತಿಳಿಯಿತು. ಗಂಡನನ್ನು ಕೂಗಬಹುದಿತ್ತು. ಅವನು ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತಿದ್ದ. ಕೂಗಲಿಲ್ಲ. ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ, ನನಗೆ ಗೊತ್ತಿಲ್ಲವೇ ಅನ್ನುವ ಜಂಬ. ಕೈಗೆ ಸಿಕ್ಕ ಡಬ್ಬಿಯಿಂದ ತೆಗೆದು ತುಂಬಿದಳು.

ಹೊರಗೆ ಜಗಲಿಯಲ್ಲಿ ಮಗು ಕೂತಿತ್ತು. ಕೂತಿತ್ತು ಅನ್ನುವುದು ಸುಳ್ಳು. ಅವ್ವನ ತೊಡೆ ಮೇಲೆ ಮೀನಿನ ಹಾಗೆ ಒದ್ದಾಡುತ್ತಿತ್ತು. ಮೂರ್ತಪ್ಪ ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ ಕೋಳಿಯ ಹಾಗೆ ಕೂಗಿದ. ಮಗು ಬಾಯಿ ತೆರೆದು ಅವನನ್ನೇ ನೋಡಿತು. ಮುಚ್ಚಳ ತೆಗೆದ. ನಮಃ ಶಿವಾಯ, ನಮಃ ಶಿವಾಯ, ನಮಃ ಶಿವಾಯ. ಮುಚ್ಚಿದ. "ಬಂತು! ನಗ್ತಾ ಇತ್ತು!" ಅಂದ.

ಊರಿಗೆ ಬಂದು ಪ್ಲೇಟನ್ನು ಔಷಧಿ ನೀರಲ್ಲಿ ತೊಳೆದರೆ ಏನೂ ಇಲ್ಲ. ನಿಧಾನದ ಪ್ಲೇಟಿಗೆ ಮೂರು ಎಣಿಸಿದರೆ ಏನು ಬಂದೀತು? ಕಾಗದಕ್ಕೆ ಇಳಿಸಿದಾಗ ಕತ್ತಲಲ್ಲಿ ಒಂದು ಮಗುವಿನಷ್ಟು ನೆರಳು. ಹಲ್ಲೋ ಏನೋ, ಒಂದು ಚೂರು ಬೆಳ್ಳಗೆ.

ಮೂರ್ತಪ್ಪ ಬಯ್ಯಲಿಲ್ಲ. "ಮುಂದಿನ ವಾರ ಹೋಗಿ ಇನ್ನೊಂದು ತೆಗಿಯಾಣ," ಅಂದ. ಮುಂದಿನ ವಾರ ಮಳೆ. ಅದರ ಮುಂದಿನ ವಾರ ಒಬ್ಬ ಬಂದು ಹೊಸ್ತಿಲಾಚೆ ನಿಂತ. ಮಗುವಿಗೆ ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟಿತ್ತು.

ಹೋದರು. ಮಗುವನ್ನು ಕೂರಿಸಿದ್ದರು. ಹನ್ನೆರಡು ಎಣಿಸಿ ತೆಗೆದರು. ಕಣ್ಣಿನ ರೆಪ್ಪೆ ಸಮೇತ ಬಂತು. ಅದನ್ನು ತಂದು ಕೊಟ್ಟಾಗ ಹೊನ್ನಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಕೊಟ್ರಮ್ಮನ ಕೈಗೇ ಹಿಂದಕ್ಕೆ ಕೊಟ್ಟಳು.

"ಇದು ನನ್ನ ಮಗಳಲ್ಲ ಕಣಕ್ಕ. ನನ್ನ ಮಗಳು ಯಾವತ್ತು ಹಿಂಗೆ ಸುಮ್ಕೆ ಕುಂತಿದ್ಲು ಹೇಳು? ಆವತ್ತಿಂದು ಕೊಡು."

"ಅದು ಕೆಟ್ಟುಹೋಗೈತೆ ಹೊನ್ನಕ್ಕ. ಬರೀ ನೆರಳು. ನಾನೇ ಕೆಡಿಸಿದ್ದು, ತಪ್ಪು ಪ್ಲೇಟು ತುಂಬಿದೆ."

"ನೆರಳಾದ್ರೂ ಅವಳ ನೆರಳಲ್ವಾ. ಕೊಡು."

ಕೊಟ್ಟಳು. ಆದರೆ ಅಲ್ಲೇ ನಿಂತಿದ್ದ ಅತ್ತೆಯ ಕಿವಿಗೆ ಈ ಮಾತು ಬಿತ್ತು. ಸತ್ತವರಿಗೆ ಹಾಕುವ ಪ್ಲೇಟನ್ನು ಜೀವಂತ ಮಗುವಿಗೆ ಹಾಕಿದರಂತೆ, ಮಗು ಉಳಿಯಲಿಲ್ಲವಂತೆ ಅಂತ ಊರಿಂದ ಊರಿಗೆ ಹೋಯಿತು. ಹೊರಕೆರೆದೇವಪುರದಲ್ಲಿ ಒಬ್ಬಳು ಕೊಟ್ರಮ್ಮನನ್ನು ಕಂಡು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಬದುಕಿದ್ದವರು ಕರೆದಾರು ಅನ್ನುವ ಆಸೆ ಅಲ್ಲಿಗೆ ಮುಗಿದೇಹೋಯಿತು.

ಕೊಟ್ರಮ್ಮ ಗಾಡಿಯಲ್ಲಿ ಅತ್ತಾಗ ಮೂರ್ತಪ್ಪ ಹೇಳಿದ: "ಮಗು ಸತ್ತಿದ್ದು ಜ್ವರಕ್ಕೆ. ಫೋಟೋ ಬರದೇ ಇದ್ದಿದ್ದು ನಿನ್ನ ತಪ್ಪಿಗೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಬ್ಯಾಡ."

ಅವನು ಹಾಗೇ. ಇಲ್ಲದ ತಪ್ಪು ಹೊರಿಸುತ್ತಿರಲಿಲ್ಲ, ಇರುವ ತಪ್ಪು ಇಳಿಸುತ್ತಲೂ ಇರಲಿಲ್ಲ.

ಅದಾದ ಮೇಲೆ ಒಂದು ಸಲ ಕೊಟ್ರಮ್ಮ ಕೇಳಿದಳು. "ರೀ, ನಿಮ್ದೂ ಒಂದು ತೆಗಿಯಾಣ. ಕೆಂಪು ದಾರದ್ದು ಇನ್ನೂ ಅವೆ."

"ನಂದ್ಯಾಕೆ? ದಿನಾ ನೋಡ್ತೀಯಲ್ಲ ಈ ಮೂತೀನ, ಸಾಲದಾ?"

"ನಿಮಗೂ ಆಯಸ್ಸಿನ ಭಯಾನಾ?"

"ಪ್ಲೇಟು ದಂಡ ಅಂತ ಭಯ," ಅಂದ. ನಗುತ್ತಿದ್ದ. ಮಾತು ಅಲ್ಲಿಗೇ ಬಿಟ್ಟುಹೋಯಿತು. ಅವಳೂ ಎಳೆದು ಹಿಡಿಯಲಿಲ್ಲ. ದಿನಾ ನೋಡುವ ಮುಖ, ಇವತ್ತಲ್ಲದಿದ್ದರೆ ನಾಳೆ ಅಂದುಕೊಂಡಳು.

ಯುದ್ಧದಿಂದ ಪ್ಲೇಟು ಬರುವುದು ನಿಂತಿತು. ಹಡಗು ಬರುತ್ತಿಲ್ಲ ಅಂತ ಬೆಂಗಳೂರಿನ ಅಂಗಡಿಯವರು ಕಾಗದ ಬರೆದರು. ಇದ್ದ ಅವಸರದ ಪ್ಲೇಟುಗಳು ಎರಡು ಬೇಸಿಗೆಗೆ ಮಂಕು ಹಿಡಿದವು. ಅವು ಹಾಗೇ, ಬೇಗ ಹಿಡಿಯುವಂಥದ್ದು ಬೇಗ ಕೆಡುತ್ತದೆ. ನಿಧಾನದ್ದು ಒಂದೂವರೆ ಡಬ್ಬಿ ಚೆನ್ನಾಗಿಯೇ ಉಳಿದಿತ್ತು.

ಯುದ್ಧದ ಕೊನೇ ವರ್ಷ, ನವರಾತ್ರಿಯ ಆಸುಪಾಸು, ಆ ಕೆಟ್ಟ ಶೀತಜ್ವರ ಬಂತು. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಉಳಿದಿದ್ದರು. ಇದಕ್ಕೆ ಹೊಲವೂ ಒಂದೇ, ಊರೂ ಒಂದೇ. ಬೆಳಿಗ್ಗೆ ಹೊಸ್ತಿಲಾಚೆ ಒಬ್ಬ ನಿಲ್ಲುತ್ತಿದ್ದ ಕಡೆ ಈಗ ಇಬ್ಬರು ಮೂವರು ನಿಂತರು. ಸಿರಿಗೆರೆ ಕಡೆ, ಹೊಳಲ್ಕೆರೆ ಕಡೆ, ಹಿರಿಯೂರು ಕಡೆ. ಮೂರ್ತಪ್ಪ ಯಾರಿಗೂ ಇಲ್ಲ ಅನ್ನಲಿಲ್ಲ.

"ಹೋಗಬ್ಯಾಡ್ರಿ. ಅಂಟೋ ಜ್ವರ," ಅಂದಳು ಕೊಟ್ರಮ್ಮ.

"ಅವರತ್ರ ಇನ್ನೇನೂ ಉಳಿಯಲ್ಲ ಕಣೇ. ಮುಖನಾದ್ರೂ ಉಳೀಲಿ."

ಹದಿನೇಳು ಮನೆಗೆ ಹೋದ. ಹದಿನೇಳನೆಯ ಮನೆಯಿಂದ ಬರುವಾಗ ಗಾಡಿಯಲ್ಲಿ ನಡುಗಲು ಶುರು ಮಾಡಿದ. ಬೋರಪ್ಪ ತನ್ನ ಕಂಬಳಿಯನ್ನೂ ಹೊದಿಸಿ ಕರೆತಂದ.

ಡಬ್ಬಿಯಲ್ಲಿ ಒಂದು ಪ್ಲೇಟು ಉಳಿದಿತ್ತು. ಬಿಳಿ ದಾರದ್ದು.

ಐದನೇ ದಿನ ಮೂರ್ತಪ್ಪನ ಅಣ್ಣ ಮುರುಗೇಶಪ್ಪ ಹೊಳಲ್ಕೆರೆಯಿಂದ ಬಂದ. ತಮ್ಮನನ್ನು ನೋಡಿದ. ಉಸಿರು ಎಳೆಯುವಾಗ ಪಕ್ಕೆಯ ಎಲುಬು ಎಣಿಸಬಹುದಿತ್ತು. ಎರಡು ಮಾತಿಗೊಂದು ಸಲ ಕೆಮ್ಮು. ಮುರುಗೇಶಪ್ಪ ಹೊರಗೆ ಬಂದು ಕಂಬಕ್ಕೆ ಒರಗಿ ಕೂತ. ಒಳ್ಳೆಯ ಮನುಷ್ಯ. ಮಾತು ಮಾತ್ರ ಕೊಡಲಿಯ ಥರ.

"ಪ್ಲೇಟು ಐತೇನಮ್ಮ?"

"ಒಂದೈತೆ ಭಾವ."

"ಜೋಪಾನವಾಗಿಟ್ಕ. ಸೀಮೆ ಜನದ್ದೆಲ್ಲ ತೆಗೆದವನು. ಅವಂದೂ ಒಂದು ಚಂದಾಗಿ ಬರಬೇಕು. ನೀನು ತೆಗೀತೀಯಾ? ಬರುತ್ತಾ ನಿಂಗೆ?"

ಚಂದಾಗಿ ಅಂದರೆ ಏನು ಅಂತ ಅವಳಿಗೆ ತಿಳಿಯಿತು. ಕೂರಿಸಿದ ಮೇಲೆ.

"ಬರುತ್ತೆ. ಇವತ್ತು ತೆಗೀತೀನಿ," ಅಂದಳು.

"ಇವತ್ತಾ?"

"ಇವತ್ತು. ಉಸಿರಿರುವಾಗ."

"ತಲೆ ಸರಿ ಐತಾ ನಿಂಗೆ? ಒಂದೇ ಒಂದು ಪ್ಲೇಟು ಅಂತೀಯ. ಅದೂ ನಿಧಾನದ್ದು. ಮೂರು ದಿನದಿಂದ ಬಿಸಿಲು ಬೇರೆ ಇಲ್ಲ. ಅವನು ಹನ್ನೆರಡು ಎಣಿಸೋ ತನಕ ಕೆಮ್ಮದಂಗೆ ಇರ್ತಾನಾ? ಕೆಡುತ್ತೆ. ಕೆಟ್ಟ ಮೇಲೆ ಇನ್ನೊಂದು ಎಲ್ಲಿಂದ ತರ್ತೀಯ?"

"ಎಲ್ಲೂ ಇಲ್ಲ."

"ಮತ್ತೆ? ನಾಳೆ ನಮ್ಮ ಮೊಮ್ಮಕ್ಕಳು ಇವನ ಮುಖ ನೋಡೋದು ಬ್ಯಾಡ್ವಾ? ನಿನ್ನೊಬ್ಬಳ ಗಂಡ ಅಲ್ಲಮ್ಮ, ನನ್ನ ಒಡಹುಟ್ಟಿದೋನು."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳಗೆ ಹೋದಳು.

ಮೂರ್ತಪ್ಪ ಎಲ್ಲಾ ಕೇಳಿಸಿಕೊಂಡಿದ್ದ.

"ಅಣ್ಣ ಹೇಳೋದು ಸರಿ ಐತೆ," ಅಂದ. ನಿಲ್ಲಿಸಿ ನಿಲ್ಲಿಸಿ ಹೇಳಿದ. "ಪ್ಲೇಟು ಹಾಳು ಮಾಡಬ್ಯಾಡ. ನಾನು ಕದಲದಂಗೆ ಆಗ್ಲಿ. ಆಮೇಲೆ ತೆಗಿ. ಹುಬ್ಬಿನ ಕೂದಲು ಸಮೇತ ಬರ್ತೀನಿ."

"ನಂಗೆ ಅದು ಬ್ಯಾಡ."

"ಯಾಕೆ?"

"ನಾನು ಎಷ್ಟು ಜನದ್ದು ತೊಳೆದಿದ್ದೀನಿ ಹೇಳ್ರಿ. ಎಲ್ಲಾರ್ದೂ ಒಂದೇ ಮುಖ. ನಿಮ್ದನ್ನೂ ತೊಳೆದು ಆ ಸಾಲಿಗೆ ಇಡ್ಲಾ? ಕೆಟ್ರೆ ಕೆಡ್ಲಿ. ಅದರಾಗೆ ನೀವು ಇರಬೇಕು."

ಅವನು ಸೂರನ್ನು ನೋಡುತ್ತ ಮಲಗಿದ್ದ. ಬಾಗಿಲ ಕಡೆ ಮುಖ ತಿರುಗಿಸಿ ಕೇಳಿದ. "ಬೆಳಕು ಎಂಗೈತೆ?"

"ಮೋಡ. ಜಗಲಿ ಮೇಲೆ ಹನ್ನೆರಡು ಬೇಕಾಗುತ್ತೆ."

"ಹದಿಮೂರು ಎಣಿಸು. ಹಳೇ ಪ್ಲೇಟು." ಕೆಮ್ಮಿದ. "ನಂಗೆ ಕೆಮ್ಮು ಬಂದ್ರೆ ಮುಚ್ಚಳ ಮುಚ್ಚು. ಕ್ಯಾಮೆರಾ ಅಲುಗಿಸಬ್ಯಾಡ. ಕೆಮ್ಮು ನಿಂತ ಮೇಲೆ ತೆಗೆದು, ಎಲ್ಲಿಗೆ ಬಿಟ್ಟಿದ್ದೋ ಅಲ್ಲಿಂದ ಎಣಿಸು. ಗೊತ್ತಾಯ್ತಾ? ಮುಚ್ಚಿದ್ರೆ ಏನೂ ಕೆಡಲ್ಲ."

"ಗೊತ್ತಾಯ್ತು."

"ಕನ್ನಡಿ ತಾ. ತಲೆ ಬಾಚು."

ಬಾಚಿದಳು. ಬಿಳಿ ಅಂಗಿ ತೊಡಿಸಿದಳು. ಬೋರಪ್ಪನೂ ಮುರುಗೇಶಪ್ಪನೂ ಅವನನ್ನು ಎತ್ತಿ ಜಗಲಿಯ ಕುರ್ಚಿಗೆ ತಂದರು. ಮುರುಗೇಶಪ್ಪನ ಮುಖ ಗಂಟಿಕ್ಕಿತ್ತು, ಆದರೂ ತಮ್ಮನ ಬೆನ್ನಿಗೆ ದಿಂಬು ಕೊಟ್ಟವನು ಅವನೇ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದ.

"ತೆಗಿಯೋದೇ ಆದ್ರೆ ತಲೇನಾದ್ರೂ ಕಂಬಕ್ಕೆ ಕಟ್ಟಾಣ. ಕದಲೋದು ಕಮ್ಮಿ ಆಗುತ್ತೆ."

"ಕಟ್ಟಬ್ಯಾಡ್ರಿ," ಅಂದಳು ಕೊಟ್ರಮ್ಮ.

"ಎಲ್ಲಾರಿಗೂ ಕಟ್ಟಲ್ವಾ?"

"ಯಾರಿಗೆ ಕಟ್ತಾರೆ ಭಾವ? ಹೇಳ್ರಿ, ಯಾರಿಗೆ ಕಟ್ತಾರೆ?"

ಮುರುಗೇಶಪ್ಪ ವಲ್ಲಿಯನ್ನು ಹೆಗಲ ಮೇಲೆ ಹಾಕಿಕೊಂಡ. ಅಂಗಳಕ್ಕೆ ಇಳಿದು ಗೋಡೆ ಕಡೆ ಮುಖ ಮಾಡಿ ನಿಂತುಬಿಟ್ಟ.

ಅವಳು ಕತ್ತಲೆ ಕೋಣೆಗೆ ಹೋಗಿ ಪ್ಲೇಟು ತುಂಬಿಕೊಂಡು ಬಂದಳು. ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿತ್ತು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದಳು. ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನ ಮೇಲೆ ಗಂಡ ತಲೆಕೆಳಗಾಗಿ ಕಂಡ. ಇಷ್ಟು ವರ್ಷ ಊರವರನ್ನೆಲ್ಲ ಅವನು ನೋಡಿದ್ದ ಜಾಗದಿಂದ ಅವಳು ಅವನನ್ನು ನೋಡಿದಳು. ಕೆನ್ನೆ ಇಷ್ಟು ಒಳಗೆ ಹೋಗಿದೆ ಅಂತ ಅವಳಿಗೆ ಆಗಲೇ ತಿಳಿದದ್ದು.

"ನನ್ನ ಎಡಗಡೆಗೆ ಬೆಳಕು ಬರ್ತೈತಾ?" ಅಂದ ಅವನು.

"ಬರ್ತೈತೆ."

"ಹೂಂ. ತೆಗಿ."

ತಲೆ ಹೊರಗೆ ತೆಗೆದು, ಪ್ಲೇಟು ಸೇರಿಸಿ, ಕ್ಯಾಮೆರಾದ ಪಕ್ಕ ನಿಂತಳು. ಬೋರಪ್ಪ ಎತ್ತುಗಳ ಕೊರಳ ಗಂಟೆ ಅಲುಗದಂತೆ ಕೈಯಲ್ಲಿ ಹಿಡಿದುಕೊಂಡ. ಗಂಟೆಗೂ ಫೋಟೋಗೂ ಸಂಬಂಧವಿಲ್ಲ. ಅವನಿಗೆ ಹಾಗೆ ತೋಚಿತು.

ಮುಚ್ಚಳ ತೆಗೆದಳು.

ನಮಃ ಶಿವಾಯ. ನಮಃ ಶಿವಾಯ. ಅವನು ಕಣ್ಣು ಮಿಟುಕಿಸಲಿಲ್ಲ. ಬಾಯಿ ಬಿಗಿ ಹಿಡಿದಿದ್ದ. ಮೂರು. ನಾಲ್ಕು. ಉಸಿರು ಎಳೆಯದಂತೆ ತಡೆದಿದ್ದ. ಕುತ್ತಿಗೆಯ ನರ ಎದ್ದವು. ಐದು. ಆರು. ಕಣ್ಣಲ್ಲಿ ನೀರು ತುಂಬಿತು. ಏಳು.

ಕೆಮ್ಮು ಬಂತು.

ಮುಚ್ಚಳ ಅವಳ ಕೈಯಲ್ಲೇ ಇತ್ತು. ಕೈ ಇದ್ದುದು ಕ್ಯಾಮೆರಾದ ಕಣ್ಣಿಗೆ ಒಂದು ಗೇಣು ದೂರದಲ್ಲಿ. ಏನು ಮಾಡಬೇಕು ಅಂತ ಅವನು ಈಗಷ್ಟೇ ಹೇಳಿದ್ದ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ಹದಿನೈದು ಜನದ ಗುಂಪಿನಲ್ಲಿ ಮೂಲೆಯವನೊಬ್ಬ ಸೀನಿದರೂ ಮೂರ್ತಪ್ಪನ ಕೈ ತಾನಾಗೇ ಮುಚ್ಚುವುದನ್ನು ಅವಳು ನೂರು ಸಲ ನೋಡಿದ್ದಳು.

ಅವಳ ಕೈ ಏಳಲಿಲ್ಲ. ಅವಳು ಪ್ಲೇಟಿನ ಯೋಚನೆಯಲ್ಲಿರಲಿಲ್ಲ. ಅವನನ್ನು ನೋಡುತ್ತಿದ್ದಳು. ಅವನು ಕುರ್ಚಿಯ ಕೈ ಹಿಡಿದು ಬಗ್ಗಿ ಕೆಮ್ಮಿದ, ತಲೆ ಎತ್ತಿದ, ಇನ್ನೊಂದು ಸಲ ಕೆಮ್ಮಿದ, ಮತ್ತೆ ನೆಟ್ಟಗೆ ಕೂತು ಮೊದಲಿನಂತೆ ಮುಖ ಮಾಡಿಕೊಂಡ. ಎಣಿಕೆ ಎಲ್ಲಿಗೆ ನಿಂತಿತ್ತೋ ತಪ್ಪಿಹೋಯಿತು. ಮುಚ್ಚಿದಳು.

"ಮುಚ್ಚಿದ್ಯಾ, ಕೆಮ್ಮು ಬಂದಾಗ?" ಅಂದ.

"ಮುಚ್ಚಿದೆ."

ಅವತ್ತೇ ಮಧ್ಯಾಹ್ನ ತೊಳೆದಳು. ಕತ್ತಲೆ ಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿದ ದೀಪದ ಬೆಳಕಿಗೆ ಗಾಜಿನ ಮೇಲೆ ಮೊದಲು ಅಂಗಿ ಎದ್ದಿತು, ಕಪ್ಪಗೆ. ಗಾಜಿನಲ್ಲಿ ಬಿಳಿಯದು ಕಪ್ಪಾಗಿಯೇ ಬರುವುದು. ಆಮೇಲೆ ಕುರ್ಚಿ. ಆಮೇಲೆ ಮುಖ ಬರಬೇಕಾದ ಕಡೆ ಒಂದು ಹೊಗೆ. ಅವಳು ತಟ್ಟೆಯನ್ನು ಅಲುಗಿಸುತ್ತಲೇ ಇದ್ದಳು. ಅಲುಗಿಸಿದರೆ ಮುಖ ಬರುತ್ತದೆಯೇ? ಹೊಗೆ ಗಟ್ಟಿಯಾಯಿತು, ಅಷ್ಟೆ.

ಗಾಜು ಒಣಗುವ ಮೊದಲೇ ಅವನು ಕೇಳಿದ. "ತಾ. ನೋಡ್ತೀನಿ."

"ಒಣಗ್ಲಿ."

"ತಾರೆ."

ತಂದುಕೊಟ್ಟಳು. ಅವನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಅವಳು ಅವನ ಕೈಗೆ ಕೆಳಗಿನಿಂದ ಆಸರೆ ಕೊಟ್ಟಳು. ಗಾಜನ್ನು ಗಾಜಿನಂತೆಯೇ ಓದಬಲ್ಲವನು ಅವನು. ಕಾಗದಕ್ಕೆ ಇಳಿಸುವ ತನಕ ಕಾಯಬೇಕಿರಲಿಲ್ಲ.

"ಮುಚ್ಚಲಿಲ್ಲ ನೀನು," ಅಂದ.

"ಇಲ್ಲ."

"ಹೂಂ."

ಬಯ್ಯುತ್ತಾನೆ ಅಂತ ಕಾದಳು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

"ಎಡಗೈ ಚೆನ್ನಾಗಿ ಬಂದೈತೆ," ಅಂದ. ಗಾಜನ್ನು ಅವಳ ಕೈಗೆ ಕೊಟ್ಟ. "ಇಳಿಸುವಾಗ ಬಿಸಿಲಿಗೆ ಜಾಸ್ತಿ ಇಡಬ್ಯಾಡ. ಕಪ್ಪಾಗಿಬಿಡುತ್ತೆ." ಇದು ಅವನು ಕೆಲಸದ ಬಗ್ಗೆ ಆಡಿದ ಕೊನೇ ಮಾತು. ಆಮೇಲೆ ನೀರು ಕೇಳಿದ, ಕಾಲು ಒತ್ತು ಅಂದ, ಕಿಟಕಿ ಮುಚ್ಚು ಅಂದ.

ಮೂರನೇ ದಿನ ಹೋದ. ಬೆಳಗಿನ ಹೊತ್ತು. ಮೈ ತೊಳೆದು, ವಿಭೂತಿ ಹಚ್ಚಿ ಕೂರಿಸಿದರು. ಮುರುಗೇಶಪ್ಪ ತನ್ನ ವಲ್ಲಿಯಿಂದಲೇ ತಲೆಯನ್ನು ಗೂಟಕ್ಕೆ ಕಟ್ಟಿದ. ಕಟ್ಟುವಾಗ ಯಾರೂ ಬೇಡವೆನ್ನಲಿಲ್ಲ. ಕಟ್ಟಿದ ಮೇಲೆ ಮುಖ ಶಾಂತವಾಗಿತ್ತು. ಜ್ವರದ ಸುಕ್ಕೆಲ್ಲ ಇಳಿದಿತ್ತು. ಹುಬ್ಬಿನ ಕೂದಲು ಒಂದೊಂದೂ ಕಾಣುತ್ತಿತ್ತು. ಆ ಹೊತ್ತಿಗೆ ಮೋಡ ಸರಿದು ಬಿಸಿಲೂ ಬಂದಿತ್ತು. ಬಾಗಿಲಿಂದ ಒಳ್ಳೆಯ ಬೆಳಕು. ಹತ್ತು ಎಣಿಸಿದರೆ ಸಾಕಾಗುತ್ತಿತ್ತು. ಕೊಟ್ರಮ್ಮನಿಗೆ ಅದೇ ಲೆಕ್ಕ ತಲೆಯಲ್ಲಿ ಬಂತು, ಬೇಡವೆಂದರೂ ಬಂತು. ಬಂದವರು ಕ್ಯಾಮೆರಾ ಎಲ್ಲಿ ಅಂತ ಅತ್ತಿತ್ತ ನೋಡಿದರು. ಸೀಮೆಯ ಸತ್ತವರನ್ನೆಲ್ಲ ತೆಗೆದವನ ಮುಂದೆ ಅವತ್ತು ಕ್ಯಾಮೆರಾ ಇರಲಿಲ್ಲ.

"ನೋಡಮ್ಮ," ಅಂದ ಮುರುಗೇಶಪ್ಪ. ಅಷ್ಟೇ ಅಂದ. ಅಂಥ ಗಂಡಸು ಗೋಡೆಗೆ ಹಣೆ ಹಚ್ಚಿ ಅತ್ತ.

ತಿಂಗಳ ಮೇಲೆ ಅವಳು ಗಾಜನ್ನು ಕಾಗದಕ್ಕೆ ಇಳಿಸಿದಳು. ಅಂಗಳದ ಬಿಸಿಲಿನಲ್ಲಿ ಚೌಕಟ್ಟಿಗೆ ಸೇರಿಸಿ ಇಟ್ಟು, ಪಕ್ಕದಲ್ಲೇ ಕೂತಿದ್ದಳು. ಕಾಗದದ ಮೇಲೆ ಬಂದದ್ದು ಇಷ್ಟು. ಕುರ್ಚಿ ಸ್ಪಷ್ಟ. ಹಿಂದಿನ ಕಂಬ, ಕಂಬದ ಮೇಲಿನ ಗೀರು ಸಮೇತ ಸ್ಪಷ್ಟ. ಎಡಗೈ ಕುರ್ಚಿಯ ಕೈ ಮೇಲೆ ಬಿಗಿ ಹಿಡಿದಿದ್ದರಿಂದ ಅದೊಂದು ಕದಲಿರಲಿಲ್ಲ. ಔಷಧಿ ನೀರಿಗೆ ಕಪ್ಪಾಗಿದ್ದ ಹೆಬ್ಬೆರಳಿನ ಉಗುರೂ ಕಾಣುತ್ತಿತ್ತು. ಎದೆಯ ಮೇಲೆ ಅಂಗಿ ಮಸುಕು. ಕುತ್ತಿಗೆಯಿಂದ ಮೇಲೆ ಎರಡು ಮುಖ ಒಂದರೊಳಗೊಂದು ಹೊಕ್ಕಂತೆ, ಒಂದು ನೆಟ್ಟಗೆ, ಒಂದು ಬಗ್ಗಿ. ನಡುವೆ ಮೂಗು ಎಲ್ಲಿ, ಬಾಯಿ ಎಲ್ಲಿ ಹೇಳಲಾಗದು.

ಮುರುಗೇಶಪ್ಪನಿಗೂ ಒಂದು ಕಳಿಸಿದಳು. ಅವನು ಗೋಡೆಗೆ ಹಾಕಲಿಲ್ಲ. ವರ್ಷದ ಕಾರ್ಯಕ್ಕೆ ಅವಳು ಹೋದಾಗ ಕೇಳಿದಳು. ಟ್ರಂಕಿನಲ್ಲಿದೆ ಅಂದರು. ಅವನ ಮೊಮ್ಮಗಳು ಅದನ್ನು ನೋಡಿ ಹೆದರಿ ಅತ್ತಿದ್ದಳಂತೆ.

ಯುದ್ಧ ಮುಗಿದು ಪ್ಲೇಟು ಮತ್ತೆ ಬರತೊಡಗಿತು. ಕೆಲವು ಕಾಲದ ಮೇಲೆ ಪೇಟೆಯಲ್ಲಿ ಬೇರೊಬ್ಬರು ಫೋಟೋ ಅಂಗಡಿ ಇಟ್ಟರು. ಅಲ್ಲಿಗೆ ಬರುತ್ತಿದ್ದುದು ಸುರುಳಿ ಫಿಲ್ಮು, ಗಾಜಲ್ಲ. ಒಂದು ಎಣಿಸುವುದೂ ಬೇಡ, ಟಕ್ ಅಂದರೆ ಮುಗಿಯಿತು. ಕೆಮ್ಮುವವರನ್ನೂ ತೆಗೆಯಬಹುದಿತ್ತು, ಓಡುವ ಮಕ್ಕಳನ್ನೂ ತೆಗೆಯಬಹುದಿತ್ತು. ಕೊಟ್ರಮ್ಮ ಆ ಅಂಗಡಿಯಲ್ಲಿ ಫಿಲ್ಮು ತೊಳೆಯುವ ಕೆಲಸಕ್ಕೆ ಹೋದಳು. ನಗುವ ಮುಖಗಳನ್ನು ಅಲ್ಲಿ ತೊಳೆದಳು. ಇದನ್ನು ಮೂರ್ತಪ್ಪ ನೋಡಬೇಕಿತ್ತು ಅನ್ನಿಸುತ್ತಿತ್ತು.

ವರ್ಷ ಕಳೆದಂತೆ ಗಂಡನ ಮುಖ ಮನಸ್ಸಿನಲ್ಲಿಯೂ ಅಲ್ಲಾಡತೊಡಗಿತು. ಮೂಗಿನ ಎಡಕ್ಕೋ ಬಲಕ್ಕೋ ಒಂದು ಮಚ್ಚೆ ಇತ್ತು. ಯಾವ ಕಡೆ ಅಂತ ಒಂದು ದಿನ ನೆನಪಾಗಲಿಲ್ಲ. ಗೋಡೆಯ ಫೋಟೋ ಮುಂದೆ ನಿಂತಳು. ಅದರಲ್ಲಿ ಮಚ್ಚೆ ಇಲ್ಲ. ಅವತ್ತು ಅವಳಿಗೆ, ಭಾವ ಹೇಳಿದ್ದೇ ಸರಿಯಿತ್ತು ಅನ್ನಿಸಿತು. ಇಡೀ ದಿನ ಊಟ ಮಾಡಲಿಲ್ಲ. ಹಾಗೆ ಅನ್ನಿಸುವ ದಿನಗಳು ಆಮೇಲೂ ಬಂದವು. ಹಾಗೆ ಅನ್ನಿಸದ ದಿನಗಳೂ ಇದ್ದವು. ಆ ಹೊಗೆಯನ್ನು ನೋಡಿದರೆ ಅವನು ತಲೆ ಎತ್ತಿದ್ದು, ಮತ್ತೆ ನೆಟ್ಟಗೆ ಕೂತಿದ್ದು, ಅವಳಿಗಾಗಿ ಮುಖ ಸರಿಮಾಡಿಕೊಂಡಿದ್ದು ಎಲ್ಲಾ ಕಾಣುತ್ತಿತ್ತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಸಲ ಓಣಿಗೆ ಹೊಸದಾಗಿ ಬಂದಿದ್ದ ಏಕಾಂತಮ್ಮ ಅನ್ನುವಾಕೆ ಹೆಪ್ಪು ಕೇಳಲು ಬಂದವಳು ಗೋಡೆ ನೋಡಿ ನಿಂತಳು.

"ಯಾರ್ರಿ ಇದು? ಮುಖನೇ ಕಾಣಲ್ಲ."

"ನಮ್ಮನೆಯೋರು," ಅಂದಳು ಕೊಟ್ರಮ್ಮ. ಬಟ್ಟಲಿಗೆ ಮೊಸರು ಹಾಕಿ ಕೊಟ್ಟಳು. "ಕೆಮ್ತಾ ಇದ್ರು ಆಗ."